ನಾಗಕ್ಕನ ತಾಳ ತಿದ್ದಿದ ವರ್ಷ

ಹೋದ ತಿಂಗಳು ಸಂಬಂಧಿಕರೊಬ್ಬರ ಮನೆಗೆ ಹೆಣ್ಣು ನೋಡುವ ಮಾತುಕತೆಗೆಂದು ಹೋಗಿದ್ದೆವು. ಕೂರಲು ಹೊಸ ಕರಿ ಕಂಬಳಿ ಹಾಸಿದರು. ಹುಣಸೆಬೀಜದ ಗಂಜಿ ಇನ್ನೂ ಬಿಟ್ಟಿರಲಿಲ್ಲ, ಕೂತರೆ ಒರಟೊರಟು. ಆ ಗಂಜಿಯ ಹುಳಿ ವಾಸನೆ, ಉಣ್ಣೆಯ ವಾಸನೆ, ಅದರ ಮೇಲೆ ಮಧ್ಯಾಹ್ನದ ಸೆಖೆ. ಕೊಟ್ಟ ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದೆ. ಹೆಂಡತಿ ಮೊಣಕೈಯಿಂದ ತಿವಿದು "ಏನಾತು?" ಅಂದಳು. ಏನಿಲ್ಲ ಅಂದೆ. ಮದುವೆಯಾದಾಗಿನಿಂದ ಈ ವಿಷಯದಲ್ಲಿ ಅವಳಿಗೆ ಏನಿಲ್ಲ ಅಂತಲೇ ಹೇಳಿಕೊಂಡು ಬಂದಿದ್ದೇನೆ.

ಏನಿದೆ ಅನ್ನುವುದನ್ನು ಇಲ್ಲಿ ಬರೆದುಬಿಡುತ್ತೇನೆ. ಬರೆದರೆ ಹಗುರಾಗುತ್ತದೆ ಅನ್ನುವ ಆಸೆಯೇನೂ ಇಲ್ಲ. ಹಗುರಾಗಬಾರದು ಕೂಡ.

ಆಗ ನನಗೆ ಇಪ್ಪತ್ತಾರು. ಚಳ್ಳಕೆರೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಕಂಪ್ಯೂಟರ್ ಇರುವ ಕೋಣೆಗೆ ದೇವರ ಮನೆಗೆ ಬಂದಂತೆ ಚಪ್ಪಲಿ ಬಿಟ್ಟು ಬರುತ್ತಿದ್ದ ಕಾಲ. ಮೌಸ್ ಹಿಡಿಯಲು ಕಲಿಸುವವನಿಗೂ ಜನ ಮೇಷ್ಟ್ರು ಅನ್ನುತ್ತಿದ್ದರು, ನಾನು ಅನ್ನಿಸಿಕೊಳ್ಳುತ್ತಿದ್ದೆ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಂದ ಬಂದ ನೆನಪೇ ಇಲ್ಲ. ಯಾರಾದರೂ ಏನಾದರೂ ಕೇಳಿದರೆ ಗಲ್ಲ ಕೆರೆದುಕೊಂಡು, "ಅದು ಸ್ವಲ್ಪ ಟೆಕ್ನಿಕಲ್ಲು" ಅನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಎಣ್ಣೆ ಮಿಲ್ಲಿನ ಹಿಂದೆ ಬಾಡಿಗೆಗೆ ಹಿಡಿದಿದ್ದ ನನ್ನ ಕೋಣೆಯಲ್ಲಿ ಸ್ವಂತದ್ದೊಂದು ಕಂಪ್ಯೂಟರ್ ಇತ್ತು, ಬಿಡಿಭಾಗ ತಂದು ಜೋಡಿಸಿದ್ದು. ಸಂಗೀತದ ಹುಚ್ಚೂ ಇತ್ತು. ಹಾಡಲು ಬರುತ್ತಿರಲಿಲ್ಲ, ನುಡಿಸಲೂ ಬರುತ್ತಿರಲಿಲ್ಲ. ಹೀಗೆ ಎರಡೂ ಬಾರದವನು ರೆಕಾರ್ಡಿಂಗ್ ಮಾಡುತ್ತೇನೆ ಅಂತ ಹೊರಟೆ.

ನನ್ನನ್ನು ಹುಡುಕಿಕೊಂಡು ಬಂದವರು ಮೊಳಕಾಲ್ಮೂರಿನ ರಾಮಾಂಜಿನಪ್ಪ. ಅರವತ್ತು ದಾಟಿದ ನೇಕಾರರು, ಅಲ್ಲಿನ ಭಜನೆ ಮೇಳದ ಹಿರಿಯರು. ಹಾರ್ಮೋನಿಯಂ ನುಡಿಸುತ್ತಿದ್ದರು, ಅದನ್ನು ಪೆಟ್ಟಿಗೆ ಅನ್ನುತ್ತಿದ್ದರು. ಹತ್ತು ಹನ್ನೆರಡು ಪದ ತಾವೇ ಕಟ್ಟಿದ್ದರು. ಅವನ್ನು ಕ್ಯಾಸೆಟ್ಟು ಮಾಡಿಸಬೇಕು ಅನ್ನುವುದು ಮೇಳದವರ ಆಸೆ.

"ಬೆಂಗ್ಳೂರಿನ ಸ್ಟುಡಿಯೋದಾಗೆ ನಮ್ಮನ್ನ ಒಳಕ್ಕೆ ಬಿಟ್ಕಣಲ್ಲ ಮೇಷ್ಟ್ರೇ. ಕಂಪ್ಯೂಟರ್‌ನಾಗೇ ಆಗ್ತೈತಂತಲ್ಲ? ನೀವೇ ಮಾಡ್ಕೊಡ್ರಿ. ಏನೇನ್ ಸಾಮಾನು ಬೇಕೋ ತರ್ರಿ, ಮೇಳದಿಂದ ಕೊಡ್ತೀವಿ."

"ಒಂದು ಒಳ್ಳೆ ಸೌಂಡ್ ಕಾರ್ಡ್ ಹಾಕಿದ್ರೆ ಸಾಕು," ಅಂದೆ ನಾನು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಹಾಡುವವರನ್ನು ಮೊದಲು ಕೇಳಬೇಕು ಅಂತ ಅವರ ಜೊತೆ ಮೊಳಕಾಲ್ಮೂರಿಗೆ ಹೋದೆ. ಮೇಳದಲ್ಲಿ ಹಾಡುವವಳು ನಾಗಕ್ಕ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಅವಳೂ ಅವಳ ಗಂಡ ಎರ್ರಿಸ್ವಾಮಿಯೂ ಮಗ್ಗದಲ್ಲಿ ಕೂತಿದ್ದರು. ಅಲ್ಲಿಯ ರೇಷ್ಮೆ ಸೀರೆಗೆ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಒಬ್ಬರೇ ನೇಯಲು ಆಗುವುದಿಲ್ಲ, ಮೂರು ಲಾಳಿ ಬೇಕು. ಗಂಡ ಒಡಲಿನ ಲಾಳಿಯನ್ನೂ ತನ್ನ ಬದಿಯ ಅಂಚಿನದನ್ನೂ ಎಸೆದರೆ, ಆಚೆ ಬದಿಯ ಅಂಚಿನ ಲಾಳಿ ಹೆಂಡತಿಯದು. ಅವನ ಎಳೆ ಬಂದ ಕೂಡಲೇ ಇವಳ ಎಳೆ ಅದನ್ನು ಕೊಂಡಿ ಹಾಕಿ ಹಿಡಿದುಕೊಳ್ಳಬೇಕು. ಒಂದು ಚೂರು ಹಿಂದೆ ಮುಂದೆ ಆದರೂ ಅಂಚು ಸೊಟ್ಟಗಾಗುತ್ತದೆ.

ನಾಗಕ್ಕ ಲಾಳಿ ಎಸೆಯುತ್ತಲೇ ಹಾಡಿದಳು. ನನ್ನ ಕಡೆ ತಿರುಗಲಿಲ್ಲ, ಗಂಟಲು ಸರಿ ಮಾಡಿಕೊಳ್ಳಲೂ ಇಲ್ಲ. ಅರ್ಧ ಕಣ್ಣು ಮುಚ್ಚಿಕೊಂಡು, ಒಂದು ಸಾಲನ್ನು ಎಳೆಯುತ್ತ ಎಳೆಯುತ್ತ ಹೋಗಿ, ಇನ್ನೇನು ಬಿಟ್ಟೇಬಿಟ್ಟಳು ಅನ್ನುವಾಗ ಸರಿಯಾಗಿ ಬಂದು ಕೂತುಕೊಳ್ಳುತ್ತಿದ್ದಳು. ಕೈ ಮಾತ್ರ ತನ್ನ ಪಾಡಿಗೆ ಲಾಳಿ ಆಡಿಸುತ್ತಿತ್ತು. ನನಗೆ ಮೈ ಜುಮ್ಮೆಂದಿತು. ಸಂಗೀತದ ಗಂಧವಿಲ್ಲದ ನನಗೂ ಅದು ಗೊತ್ತಾಯಿತು. ಮುಂದೆ ನಾನು ಮಾಡಿದ್ದಕ್ಕೆ, ಆಗ ನನಗೆ ತಿಳಿದಿರಲಿಲ್ಲ ಅನ್ನುವ ನೆಪ ಹೇಳುವ ಹಾಗಿಲ್ಲ.

ಆಮೇಲೆ ಕಾರ್ಡು ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಬೆಳಿಗ್ಗೆ ಬಸ್ಸಿಳಿದು ಇಡ್ಲಿ ತಿಂದು, ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಅಲ್ಲಿದ್ದೆ. ಇಕ್ಕಟ್ಟಿನ ಅಂಗಡಿ. ಗಾಜಿನ ಕಪಾಟಿನಲ್ಲಿ ಹಸಿರು ಹಲಗೆಗಳು. ಅಂಗಡಿಯವನು ಒಬ್ಬ ಸಾಬರ ಹುಡುಗ, ಚುರುಕಾದ ಮಾತು. ಕೌಂಟರಿನ ಮೇಲೆ ಮೂರು ಕಾರ್ಡು ಇಟ್ಟ. ಒಂದು ದೊಡ್ಡ ಸ್ಟುಡಿಯೋದವರು ಹಾಕಿಸುವಂಥದ್ದು, ಅದರ ಕಡೆ ನಾನು ನೋಡುವ ಹಾಗೇ ಇರಲಿಲ್ಲ. ಇನ್ನೊಂದು ಡಬ್ಬಿಯಲ್ಲಿದ್ದದ್ದು, ಮೇಳದವರು ಕೊಟ್ಟಿದ್ದಕ್ಕೆ ಸರಿಹೋಗುತ್ತಿತ್ತು. ಮೂರನೆಯದಕ್ಕೆ ಡಬ್ಬಿಯೂ ಇಲ್ಲ, ಹೆಸರೂ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟೇಪಲ್ ಹೊಡೆದಿದ್ದರು. ಬೆಲೆ ಎರಡನೆಯದರ ಕಾಲುಭಾಗ.

"ಏನಕ್ಕೆ ಸಾರ್, ಗೇಮ್‌ಗಾ?" ಅಂತ ಕೇಳಿದ.

"ರೆಕಾರ್ಡಿಂಗಿಗೆ. ಮನೇಲೇ ಹಾಡು ರೆಕಾರ್ಡ್ ಮಾಡೋದು."

"ಟ್ರ್ಯಾಕ್ ಮೇಲೆ ಟ್ರ್ಯಾಕಾ?"

"ಹೌದು, ಟ್ರ್ಯಾಕ್ ಮೇಲೆ ಟ್ರ್ಯಾಕ್," ಅಂದೆ. ಆ ಮಾತು ನನಗೆ ಬಹಳ ಹಿಡಿಸಿತು.

"ಹಂಗಾದ್ರೆ ಇದು ಬೇಡ ಸಾರ್," ಅಂತ ಪ್ಲಾಸ್ಟಿಕ್ ಕವರಿನದನ್ನು ಪಕ್ಕಕ್ಕೆ ಸರಿಸಿದ. "ಹಾಡು ಕೇಳಕ್ಕೆ ಓಕೆ. ಒಂದು ಪ್ಲೇ ಮಾಡ್ಕೊಂಡು ಇನ್ನೊಂದು ರೆಕಾರ್ಡ್ ಮಾಡಿದ್ರೆ ಜಾರುತ್ತೆ."

ಜಾರುತ್ತೆ ಅಂದರೆ ಏನು? ಕೇಳಬೇಕಿತ್ತು. ಮೂರೇ ಮಾತು. ಆದರೆ ನನ್ನ ಪಕ್ಕದಲ್ಲಿ ಉದ್ದ ಕೂದಲಿನ, ಕಿವಿಗೆ ಓಲೆ ಹಾಕಿದ ಒಬ್ಬ ಯುವಕ ನಿಂತಿದ್ದ. ಗಿಟಾರಿನ ಚೀಲ ಹೆಗಲಲ್ಲಿ. ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದ. ಅವನ ಎದುರಿಗೆ ಚಳ್ಳಕೆರೆಯ ಮೇಷ್ಟ್ರು ಜಾರುವುದು ಅಂದರೇನು ಅಂತ ಕೇಳುವುದೇ? "ಅದೆಲ್ಲ ಗೊತ್ತು. ನಮ್ಮದು ಸಿಂಪಲ್ ಕೆಲಸ, ಇದೇ ಕೊಡಿ," ಅಂದುಬಿಟ್ಟೆ.

ಹುಡುಗ ನನ್ನ ಮುಖ ನೋಡಿ, "ನಿಮ್ಮಿಷ್ಟ," ಅಂದ.

ಉಳಿದ ಹಣದಲ್ಲಿ ಒಂದು ದೊಡ್ಡ ಹೆಡ್‌ಫೋನ್ ತೆಗೆದುಕೊಂಡೆ. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಕಪ್ಪು ಚರ್ಮದ ಮೆತ್ತೆಯದು. ಟಿವಿಯಲ್ಲಿ ಧ್ವನಿಮುದ್ರಣ ಮಾಡುವವರು ಹಾಕಿಕೊಂಡಿರುತ್ತಾರಲ್ಲ, ಹಾಗೇ. ಅಂಗಡಿಯ ಗಾಜಿನಲ್ಲಿ ನನ್ನ ಪ್ರತಿಬಿಂಬ ನೋಡಿಕೊಂಡೆ. ಚೆನ್ನಾಗಿ ಕಾಣಿಸಿತು. ರಾಮಾಂಜಿನಪ್ಪನವರಿಗೆ, "ಈ ಬೆಲೆಗೆ ಬೆಂಗಳೂರಲ್ಲಿ ಇದಕ್ಕಿಂತ ಒಳ್ಳೆ ಕಾರ್ಡ್ ಸಿಗಲ್ಲ" ಅಂತ ಹೇಳಿದೆ. ಅವರು ಆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು.

ಮೊಳಕಾಲ್ಮೂರಿನ ಆ ನೇಕಾರರ ಮನೆಗಳಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ತಿಂಗಳಿಗೆ ಅದೊಂದೇ ಬಿಡುವು. ಹಾಗಾಗಿ ನಮ್ಮ ರೆಕಾರ್ಡಿಂಗ್ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅಂತ ತೀರ್ಮಾನವಾಯಿತು. ಮೊದಲ ಸಲ ಅವರು ಬಂದದ್ದು ಆಷಾಢದ ಭೀಮನ ಅಮಾವಾಸ್ಯೆಗೆ. ಆ ವರ್ಷದ ಗಾಳಿ ಎಂಥದ್ದೆಂದರೆ ಬಾಗಿಲು ಕಿಟಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ತಗಡಿನ ಶೀಟು ದಬದಬ ಬಡಿಯುತ್ತಿತ್ತು, ಎಣ್ಣೆ ಮಿಲ್ಲಿನ ಶೇಂಗಾ ಸಿಪ್ಪೆ ಹಾರಿ ಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಶಬ್ದ ತಡೆಯಲು ಸಂತೆಯ ಕಂಬಳಿ ವ್ಯಾಪಾರಿಯ ಹತ್ತಿರ ಗಂಜಿ ಬಿಡದ ಹತ್ತು ಹೊಸ ಕಂಬಳಿ ಎರವಲು ತಂದು ನಾಲ್ಕೂ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಫ್ಯಾನು ಹಾಕುವಂತಿಲ್ಲ, ಶಬ್ದ ಬರುತ್ತದೆ. ಒಳಗೆ ಆರು ಜನ ಬೆವರಿನಲ್ಲಿ ತೊಯ್ದುಹೋದೆವು.

ಎಲ್ಲರೂ ಸುತ್ತ ಕೂತು ಪೆಟ್ಟಿಗೆ ತಬಲ ಜೋಡಿಸಿಕೊಳ್ಳತೊಡಗಿದರು. ನಾನು ತಡೆದೆ. "ಹಾಗಲ್ಲ. ಮೊದಲು ಪೆಟ್ಟಿಗೆ ತಬಲ ಮಾತ್ರ. ಅದು ಕಂಪ್ಯೂಟರಿನಲ್ಲಿ ಕೂತ ಮೇಲೆ ನಾಗಕ್ಕ ಹೆಡ್‌ಫೋನಿನಲ್ಲಿ ಅದನ್ನು ಕೇಳಿಕೊಂಡು ಹಾಡಬೇಕು. ಟ್ರ್ಯಾಕ್ ಮೇಲೆ ಟ್ರ್ಯಾಕ್."

ನಾಗಕ್ಕ ಮೆಲ್ಲಗೆ ಕೇಳಿದಳು: "ಎಲ್ರೂ ಒಟ್ಟಿಗೇ ಕುಂತು ಹಾಡಿದ್ರೆ ಆಗಲ್ವಾ ಮೇಷ್ಟ್ರೇ? ನಾವು ಯಾವತ್ತೂ ಹಂಗೇ ಹಾಡೋದು."

ನಾನು ನಕ್ಕೆ. "ಅದು ಭಜನೆ ಮನೆಯ ಪದ್ಧತಿ ನಾಗಕ್ಕ. ಇದು ರೆಕಾರ್ಡಿಂಗು."

ಅವಳೂ ನಾಚಿಕೊಂಡು ನಕ್ಕಳು. ಹೆಡ್‌ಫೋನು ಹಾಕಿಸಿಕೊಂಡಳು, ಮುಡಿದ ಹೂವು ನಲುಗಿತು. ಪರದೆಯ ಮೇಲೆ ಪೆಟ್ಟಿಗೆಯ ಗೀರು ಮೇಲೆ, ಅವಳ ಧ್ವನಿಯ ಗೀರು ಕೆಳಗೆ, ಎರಡೂ ಹಸಿರು. ಹಾಡು ಮುಗಿದ ಮೇಲೆ ಎರಡನ್ನೂ ಸೇರಿಸಿ ಹಾಕಿದೆ. ಪಲ್ಲವಿ ಬಹಳ ಸೊಗಸಾಗಿ ಬಂತು, ರಾಮಾಂಜಿನಪ್ಪನವರ ಕಣ್ಣಲ್ಲಿ ನೀರಾಡಿತು. ಮೊದಲ ಚರಣವೂ ಸರಿ. ಎರಡನೆಯದರಲ್ಲಿ ಏನೋ ಕಸಿವಿಸಿ. ಮೂರನೇ ಚರಣಕ್ಕೆ ಬರುವಷ್ಟರಲ್ಲಿ ತಬಲ ಮುಂದೆ, ನಾಗಕ್ಕ ಹಿಂದೆ. ಸ್ಪಷ್ಟವಾಗಿ ಹಿಂದೆ.

"ಇನ್ನೊಂದ್ಸಲ," ಅಂದೆ. ಇನ್ನೊಂದು ಸಲವೂ ಹಾಗೇ ಆಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಅವರು ಮೊಳಕಾಲ್ಮೂರಿನ ಬಸ್ಸು ಹಿಡಿದರು.

ಶ್ರಾವಣ ಕಳೆದು ಮುಂದಿನ ಅಮಾವಾಸ್ಯೆ ಬಂತು. ಅವತ್ತು ಆರು ಸಲ ಹಾಡಿಸಿದೆ. ಆರು ಸಲವೂ ಶುರುವಿನಲ್ಲಿ ಸರಿ, ಕೊನೆಗೆ ಹಿಂದೆ. ನಾಗಕ್ಕನ ರವಿಕೆಯ ಬೆನ್ನು ಪೂರ್ತಿ ಒದ್ದೆ. ರಾಮಾಂಜಿನಪ್ಪ ಹಾರ್ಮೋನಿಯಂ ಮುಚ್ಚಿಟ್ಟು, "ನನ್ನ ಪೆಟ್ಟಿಗೇನೇ ಎಲ್ಲೋ ಓಡ್ತೈತೇನೋ ಮೇಷ್ಟ್ರೇ. ಇಪ್ಪತ್ತು ವರ್ಷದಿಂದ ಹಾಡ್ತಾಳೆ, ಯಾವತ್ತೂ ತಾಳ ಬಿಟ್ಟೋಳಲ್ಲ," ಅಂದರು.

ಅಂಗಡಿ ಹುಡುಗನ ಮಾತು ಆಗ ನನ್ನ ತಲೆಯೊಳಗೆ ಒಂದು ಸಲ ಬಂದು ಹೋಯಿತು. ಸುಳ್ಳು ಯಾಕೆ ಹೇಳಲಿ, ಬಂದು ಹೋಯಿತು. ಅದನ್ನು ಅಲ್ಲೇ ಅದುಮಿದೆ. ಕಾರ್ಡು ಸರಿಯಿಲ್ಲ ಅಂದರೆ ಆರಿಸಿದವನು ಸರಿಯಿಲ್ಲ ಅಂದಂತೆ. ಹೆಡ್‌ಫೋನಿನ ಲೆಕ್ಕ ಬೇರೆ ಹೇಳಬೇಕಾಗುತ್ತದೆ.

ನಾಗಕ್ಕನನ್ನು ಪರದೆಯ ಹತ್ತಿರ ಕರೆದೆ. "ನೋಡಿ ನಾಗಕ್ಕ, ಇದು ತಬಲದ ಪೆಟ್ಟು. ಇದು ನಿಮ್ಮ ಧ್ವನಿ. ಇಲ್ಲಿ ಎರಡೂ ಒಟ್ಟಿಗೆ ಇದಾವೆ. ಈಗ ಕೊನೆಗೆ ಬನ್ನಿ. ಎಷ್ಟು ದೂರ ಆಗಿದೆ ನೋಡಿ. ನೀವು ಎಳೆದು ಹಾಡ್ತೀರಲ್ಲ, ಅಲ್ಲೇ ತಾಳ ಬಿಟ್ಟು ಹೋಗ್ತಿದೆ. ಭಜನೆಯಲ್ಲಿ ಗದ್ದಲದಲ್ಲಿ ಗೊತ್ತಾಗಲ್ಲ. ಕಂಪ್ಯೂಟರ್ ಸುಳ್ಳು ಹೇಳಲ್ಲ."

ಅವಳು ಬೆರಳಿನಿಂದ ಗಾಜಿನ ಮೇಲೆ ಆ ಎರಡು ಗೀರುಗಳ ನಡುವಿನ ಅಂತರ ಮುಟ್ಟಿ ನೋಡಿದಳು. ಎಳೆಯ ಲೆಕ್ಕ ಕಣ್ಣಳತೆಯಲ್ಲೇ ಹಿಡಿಯುವ ಹೆಂಗಸು. ಕಂಡದ್ದನ್ನು ನಂಬಿದಳು.

"ಇಷ್ಟು ವರ್ಷ ಹಿಂಗೇ ಹಾಡ್ತಿದ್ನಾ ನಾನು?" ಅಂತ ರಾಮಾಂಜಿನಪ್ಪನವರನ್ನು ಕೇಳಿದಳು. "ನೀವ್ಯಾರೂ ಹೇಳ್ಲೇ ಇಲ್ಲ?"

ಅವರು ತಲೆ ತಗ್ಗಿಸಿದರು. ಅವರಿಗೂ ಪರದೆ ಕಾಣಿಸುತ್ತಿತ್ತಲ್ಲ.

ಆಮೇಲೆ ಅವಳು ಹಾಡಲಿಲ್ಲ. ತಲೆನೋವು ಅಂತ ಹೇಳಿ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಬಸ್ಸಿನ ಹೊತ್ತಾಗುವವರೆಗೂ ಕೂತಿದ್ದಳು. ಒಳಗೆ ನಾವು ಚಹಾ ಕುಡಿದೆವು.

ಎರಡು ವಾರ ಆಗಿರಬಹುದು. ಒಂದು ಭಾನುವಾರ ಮಧ್ಯಾಹ್ನ ಪೆಟ್ಟಿಗೆಯ ಟ್ರ್ಯಾಕನ್ನು ಹಾಕಿ ಕೇಳುತ್ತಿದ್ದೆ. ಸ್ಪೀಕರು ಜೋರಾಗಿತ್ತು, ಮೈಕು ಎದುರಿಗೇ ಇತ್ತು, ಅದನ್ನು ಆರಿಸಲು ಮರೆತು ರೆಕಾರ್ಡಿಂಗಿನ ಗುಂಡಿ ಒತ್ತಿಬಿಟ್ಟಿದ್ದೆ. ಸ್ಪೀಕರಿನಿಂದ ಬಂದ ಹಾರ್ಮೋನಿಯಮ್ಮನ್ನೇ ಮೈಕು ಹಿಡಿದು ಇನ್ನೊಂದು ಟ್ರ್ಯಾಕಾಗಿ ಬರೆದುಕೊಂಡಿತ್ತು. ಎರಡೂ ಒಂದೇ ಹಾರ್ಮೋನಿಯಂ, ಒಂದೇ ತಬಲ. ಸುಮ್ಮನೆ ಕುತೂಹಲಕ್ಕೆ ಎರಡನ್ನೂ ಸೇರಿಸಿ ಹಾಕಿದೆ. ಪಲ್ಲವಿ ಸರಿ, ಮೊದಲ ಚರಣ ಸರಿ. ಮೂರನೇ ಚರಣಕ್ಕೆ ತಬಲ ತನಗಿಂತ ತಾನೇ ಹಿಂದೆ ಬಿದ್ದಿತ್ತು. ಪರದೆಯ ಮೇಲೆ ಅಳೆದೆ. ನಾಗಕ್ಕ ಬೆರಳಿಟ್ಟು ನೋಡಿದಷ್ಟೇ ಅಂತರ.

ಆ ಕಾರ್ಡಿನಲ್ಲಿ ಹಾಡಿಸುವ ವೇಗ ಒಂದು, ಬರೆದುಕೊಳ್ಳುವ ವೇಗ ಇನ್ನೊಂದು. ವ್ಯತ್ಯಾಸ ಎಳ್ಳಿನಷ್ಟು. ಆದರೆ ಹಾಡು ಉದ್ದವಾದಷ್ಟೂ ಅದು ಸೇರುತ್ತ ಹೋಗುತ್ತದೆ. ಜಾರುವುದು ಅಂದರೆ ಇದು. ಮೈಕಿನ ಮುಂದೆ ಯಾರನ್ನೇ ಕೂರಿಸಿದರೂ ಮೂರನೇ ಚರಣಕ್ಕೆ ಹಿಂದೆ ಬೀಳುತ್ತಿದ್ದರು.

ಚಪ್ಪಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಅಷ್ಟು ಮಾಡಿದೆ. ಮೊಳಕಾಲ್ಮೂರಿನ ಬಸ್ಸು ನಿಂತಿತ್ತು. ಎದುರಿನ ಅಂಗಡಿಯಲ್ಲಿ ಒಂದು ಸೋಡಾ ಕುಡಿದೆ. ಏನು ಹೇಳುವುದು? ಅಂಗಡಿಯವನು ಹೇಳಿದ್ದ, ನಾನು ಕೇಳಲಿಲ್ಲ ಅಂತಲೇ? ಕಂಪ್ಯೂಟರ್ ಸುಳ್ಳು ಹೇಳಿತು ಅಂತಲೇ? ಕಂಡಕ್ಟರು ತಳಕು, ಹಿರೇಹಳ್ಳಿ, ಮೊಳಕಾಲ್ಮೂರು ಅಂತ ಕೂಗಿದ. ಬಸ್ಸು ಹೋಯಿತು, ನಾನು ಕೋಣೆಗೆ ವಾಪಸ್ಸು ಬಂದು ಮಲಗಿದೆ.

ಮಹಾಲಯ ಅಮಾವಾಸ್ಯೆಗೆ ಹಿರಿಯರ ಪೂಜೆ ಇದ್ದುದರಿಂದ ಯಾರೂ ಬರಲಿಲ್ಲ. ದಸರೆ ಮುಗಿದ ಮೇಲೆ ರಾಮಾಂಜಿನಪ್ಪ ಎರಡು ದಿನ ಮಗ್ಗ ನಿಲ್ಲಿಸಿ ಮೇಳ ಕರೆದುಕೊಂಡು ಬಂದರು, ನಾಗಕ್ಕನೊಬ್ಬಳನ್ನು ಬಿಟ್ಟು. "ಅವ್ಳು ಒಲ್ಲೆ ಅಂತಾಳೆ. ನಾನೇ ಹಾಡ್ತೀನಿ ಬಿಡ್ರಿ, ಹೆಂಗೋ ಆಗ್ಲಿ," ಅಂದರು. ನಾನೇನು ಮಾಡಿದೆ? ಎಲ್ಲರನ್ನೂ ಒಟ್ಟಿಗೇ ಕೂರಿಸಿ, ನಡುವೆ ಒಂದೇ ಮೈಕಿಟ್ಟು, ಒಂದೇ ಸಲಕ್ಕೆ ರೆಕಾರ್ಡ್ ಮಾಡಿಕೊಂಡೆ. ಹಾಗೆ ಮಾಡಿದರೆ ಜಾರಲು ಎರಡನೇ ಟ್ರ್ಯಾಕೇ ಇರುವುದಿಲ್ಲ. ಭೀಮನ ಅಮಾವಾಸ್ಯೆಯ ದಿನ ನಾಗಕ್ಕ ಹೇಳಿದ್ದೂ ಅದನ್ನೇ. ಯಾಕೆ ಹೀಗೆ ಅಂತ ತಬಲದವರು ಕೇಳಿದಾಗ, "ಅದು ಸ್ವಲ್ಪ ಟೆಕ್ನಿಕಲ್ಲು," ಅಂದೆ.

ಎರಡು ದಿನದಲ್ಲಿ ಹತ್ತು ಪದ ಮುಗಿದವು. ಮುದುಕರ ಗಂಟಲು ಪಾಪ ಅಲ್ಲಲ್ಲಿ ಒಡೆಯುತ್ತಿತ್ತು. ಕ್ಯಾಸೆಟ್ಟು ಬಂತು, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಧ್ವನಿಮುದ್ರಣ ಅಂತ ನನ್ನ ಹೆಸರು. ಊರಿನಲ್ಲಿ ಅವ್ವ ಅದನ್ನು ದೇವರ ಗೂಡಿನಲ್ಲಿ ಇಟ್ಟಳು. ನನಗೆ ಅದನ್ನು ನೋಡಿದರೆ ಮೈಯೆಲ್ಲ ಮುಳ್ಳು. ನಾಚಿಕೆ ಅನ್ನುವುದು ಮುಖ ಕೆಂಪಾಗುವ ವಿಷಯ ಅಂತ ಅಲ್ಲಿಯವರೆಗೆ ತಿಳಿದಿದ್ದೆ. ಅದು ಹೊಟ್ಟೆಯಲ್ಲಿ ಕೂರುವ ಕಾಯಿಲೆ.

ದೀಪಾವಳಿ ಕಳೆದು ಒಂದು ದಿನ ಎರ್ರಿಸ್ವಾಮಿ ನಮ್ಮ ಕೇಂದ್ರಕ್ಕೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಮಕ್ಕಳಿಗೆ ಟೈಪಿಂಗ್ ಕೊಟ್ಟು ಹೊರಗೆ ಬಂದೆ. ಬೇವಿನ ಮರದ ಕೆಳಗೆ ನಿಂತುಕೊಂಡೆವು.

"ಸಾ, ತಪ್ಪು ತಿಳ್ಕಬ್ಯಾಡ್ರಿ. ನೀವು ನಮ್ಮಾಕಿಗೆ ಏನೋ ಹೇಳಿದ್ರಂತೆ, ತಾಳದ್ದು."

"ಹೌದು," ಅಂದೆ.

"ಅದು ಮಗ್ಗಕ್ಕೂ ಬಂದೈತೆ ಸಾ. ಲಾಳಿ ಎಸೀತಾಳೆ, ನನ್ನ ಮುಖ ನೋಡ್ತಾಳೆ. 'ಆಲಸ್ಯಂ ಅಯ್ಯಿಂದಾ?' ಅಂತಾಳೆ ತೆಲುಗಿನಾಗೆ. ತಡ ಆತಾ, ತಡ ಆತಾ ಅಂತ ಒಂದೊಂದು ಎಳೆಗೂ ಕೇಳ್ತಾಳೆ. ತಡ ಆಗಬಾರ್ದು ಅಂತ ನನಗಿಂತ ಮುಂಚೆ ಎಸೆದುಬಿಡ್ತಾಳೆ. ಹೋದ ಸೀರೆ ಅಂಚು ಪೂರಾ ಸೊಟ್ಟ, ಸಾವ್ಕಾರ್ರು ಹಿಂದಕ್ಕೆ ಕೊಟ್ರು. ಈಗ ನಮ್ಮ ತಮ್ಮನ ಹೆಂಡ್ತಿನ ಕುಂದ್ರಿಸ್ಕಂಡು ನೇಯ್ತಿದೀನಿ. ಇವಳು ಒಳಗೆ ನೂಲು ಸುತ್ಕಂಡು ಕುಂತವಳೆ. ಹಾಡಂತೂ ಇಲ್ವೇ ಇಲ್ಲ."

ನಾನು ಬೇವಿನ ಮರದ ತೊಗಟೆ ಕೀಳುತ್ತ ನಿಂತೆ.

"ಮದ್ವೆ ಆದಾಗಿಂದ ಒಂದು ಎಳೆ ತಪ್ಪಿಸಿದೋಳಲ್ಲ ಸಾ. ನಾನು ಹೇಳಿದ್ರೆ ಕೇಳಲ್ಲ. ಕಂಪ್ಯೂಟರ್ ತೋರ್ಸೈತೆ, ನಿಂಗೇನ್ ಗೊತ್ತು ಅಂತಾಳೆ. ನೀವೊಂದ್ಮಾತು ಅಂದ್ರೆ ನಂಬ್ತಾಳೆ. ಏನೂ ತಪ್ಪಿರ್ಲಿಲ್ಲ ಅಂತ ಅಂದುಬಿಡ್ರಿ. ಸುಳ್ಳಾದ್ರೂ ಅಡ್ಡಿಲ್ಲ."

ಸುಳ್ಳಾದರೂ ಅಡ್ಡಿಯಿಲ್ಲ ಅಂತ ಅವನು ನನ್ನನ್ನು ಬೇಡುತ್ತಿದ್ದದ್ದು ನಿಜವನ್ನು. ಬಾಯಿ ತೆರೆದರೆ ಸಾಕಿತ್ತು. ಕಿಟಕಿಯಿಂದ ನನ್ನ ವಿದ್ಯಾರ್ಥಿಗಳು ನೋಡುತ್ತಿದ್ದರು. ನಾನು ಗಲ್ಲ ಕೆರೆದುಕೊಂಡೆ.

"ಅಭ್ಯಾಸ ಮಾಡಿದ್ರೆ ಸರಿಹೋಗುತ್ತೆ ಎರ್ರಿಸ್ವಾಮಿ. ಎಳೆದು ಹಾಡೋದು ಬಿಡಬೇಕು. ಬೆರಳಲ್ಲಿ ಎಣಿಸಿಕೊಂಡು, ಒಂದೊಂದು ಪೆಟ್ಟಿಗೂ ಸರಿಯಾಗಿ ಹಾಡ್ಲಿ. ಆಗ ನಾನೇ ಪರೀಕ್ಷೆ ಮಾಡಿ ಹೇಳ್ತೀನಿ."

"ಹಂಗೇ ಹೇಳ್ತೀನಿ ಸಾ," ಅಂದ. ಕೈ ಮುಗಿದು ಹೋದ. ಇಲ್ಲದ ರೋಗಕ್ಕೆ ಔಷಧಿಯನ್ನೂ ಬರೆದುಕೊಟ್ಟು ನಾನು ಒಳಗೆ ಬಂದು ಮಕ್ಕಳಿಗೆ ಪಾಠ ಮುಂದುವರಿಸಿದೆ.

ಚಳಿಗಾಲದಲ್ಲಿ ನನ್ನ ಸಂಬಳದಿಂದ ಮತ್ತೆ ಎಸ್.ಪಿ. ರೋಡಿಗೆ ಹೋಗಿ ಆ ಎರಡನೇ ಕಾರ್ಡನ್ನು ತಂದೆ. ಬೇಕೆಂದೇ ಬೇರೆ ಅಂಗಡಿಗೆ ಹೋದೆ, ಆ ಹುಡುಗನಿಗೆ ಮುಖ ತೋರಿಸುವ ಧೈರ್ಯ ಇರಲಿಲ್ಲ. ಹಳೆಯದನ್ನು ಮುರಿದು ಕಸಕ್ಕೆ ಎಸೆದೆ. ಹೊಸದರಲ್ಲಿ ಪರೀಕ್ಷೆ ಮಾಡಿದೆ. ಹತ್ತು ನಿಮಿಷದ ಟ್ರ್ಯಾಕು ಹಾಕಿದರೂ ಕೂದಲೆಳೆಯಷ್ಟು ಜಾರಲಿಲ್ಲ. ಈಗ ನಾಗಕ್ಕನನ್ನು ಕರೆಸಿ ಹಾಡಿಸಿದರೆ ತಾನೇ ತಾನಾಗಿ ಸರಿಹೋಗುತ್ತದೆ, ನಾನು ಏನೂ ಹೇಳಬೇಕಾಗಿಲ್ಲ ಅಂತ ಒಳಗೊಳಗೇ ಲೆಕ್ಕ ಹಾಕಿದೆ. ಅದನ್ನು ಪ್ರಾಯಶ್ಚಿತ್ತ ಅಂತ ಕರೆದುಕೊಂಡೆ. ಹಾಗೆ ಕರೆದರೂ ಅವಳನ್ನು ಕರೆಸಲಿಲ್ಲ. ಇವತ್ತು ನಾಳೆ ಅಂತ ಮೂರು ಅಮಾವಾಸ್ಯೆ ಕಳೆದವು.

ಯುಗಾದಿಯ ಹಿಂದಿನ ದಿನದ ಅಮಾವಾಸ್ಯೆ. ಬಿಸಿಲು ಆಗಲೇ ಸುಡುತ್ತಿತ್ತು. ಹನ್ನೊಂದು ಗಂಟೆಗೆ ಬಾಗಿಲು ಬಡಿದ ಸದ್ದು. ನಾಗಕ್ಕ ಒಬ್ಬಳೇ ಬಂದಿದ್ದಳು. ಸೊರಗಿಹೋಗಿದ್ದಳು. ಕೈಯಲ್ಲೊಂದು ಬಟ್ಟೆಯ ಚೀಲ.

"ಪರೀಕ್ಷೆ ಮಾಡ್ತೀನಿ ಅಂದಿದ್ರಂತಲ್ಲ ಮೇಷ್ಟ್ರೇ. ಬಂದೀನಿ," ಅಂದಳು.

ಕುರ್ಚಿ ಹಾಕಿ ನೀರು ಕೊಟ್ಟೆ. "ನಾಗಕ್ಕ, ಅವತ್ತು..." ಅಂತ ಶುರು ಮಾಡಿದೆ.

"ಮೊದ್ಲು ಹಾಡ್ತೀನಿ. ಆಮೇಲೆ ಹೇಳ್ರಿ. ಬಸ್ಸಿನಾಗೆಲ್ಲ ಎಣಿಸ್ಕಂತಾ ಬಂದೀನಿ, ಮರ್ತೋಗ್ತೈತೆ."

ಹೆಡ್‌ಫೋನು ಕೊಟ್ಟೆ. ಹಳೆಯ ಪೆಟ್ಟಿಗೆ ಟ್ರ್ಯಾಕು ಹಾಕಿದೆ. ಅವಳು ಹಾಡಿದಳು. ಕಣ್ಣು ತೆರೆದೇ ಇತ್ತು, ಎದುರಿನ ಗೋಡೆಯ ಮೇಲೆ ನೆಟ್ಟಿತ್ತು. ಬಲಗೈ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡುತ್ತಿತ್ತು. ಎಳೆಯುತ್ತಿದ್ದ ಸಾಲುಗಳನ್ನೆಲ್ಲ ಗಿಡ್ಡ ಮಾಡಿದ್ದಳು. ಪೆಟ್ಟು ಬಿದ್ದ ಕಡೆ ಸರಿಯಾಗಿ ಅಕ್ಷರ ಬೀಳುತ್ತಿತ್ತು, ಒಂದೂ ಹಿಂದಿಲ್ಲ, ಒಂದೂ ಮುಂದಿಲ್ಲ. ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಐದು ನಿಮಿಷದ ಪದವನ್ನು ಒಪ್ಪಿಸಿದಳು. ಅಂದು ಮಗ್ಗದಲ್ಲಿ ಕೂತು ಹಾಡಿದ ಹೆಂಗಸು ಅದರಲ್ಲಿ ಎಲ್ಲೂ ಇರಲಿಲ್ಲ.

ಹಾಡು ಮುಗಿಯಿತು. ನಾನು ಏನೂ ಹೇಳುವ ಮುಂಚೆಯೇ ಎದ್ದು ಬಂದು ಪರದೆಯ ಮುಂದೆ ಬಗ್ಗಿದಳು. "ಕೊನೀಗೆ ತೋರ್ಸ್ರಿ," ಅಂದಳು. ತೋರಿಸಿದೆ. ಮೇಲಿನ ಗೀರು, ಕೆಳಗಿನ ಗೀರು, ಎರಡೂ ಒಂದೇ ಕಡೆ. ಬೆರಳಿಟ್ಟು ನೋಡಿದಳು. ಇನ್ನೊಂದು ಸಲ ನೋಡಿದಳು.

"ಸರಿ ಆಗೈತಾ ಮೇಷ್ಟ್ರೇ?"

ಈಗ ಹೇಳಬೇಕು. ಹೊಸ ಕಾರ್ಡು ಹಾಕಿದ್ದೇನೆ, ಹಳೆಯದು ಕೆಟ್ಟದ್ದಾಗಿತ್ತು, ನೀವು ಯಾವತ್ತೂ ತಪ್ಪಿರಲಿಲ್ಲ, ಮೊದಲಿನಂತೆ ಹಾಡಿ. ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು ಅಂತ ಬೇಕಾದರೆ ಬರೆಯಬಹುದು. ಬಂದಿರಲಿಲ್ಲ.

"ಈಗ ಸರಿಯಾಯ್ತು," ಅಂದೆ.

ನಾಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ಚೀಲ ಬಿಚ್ಚಿ ಎಲೆ ಅಡಿಕೆ, ಎರಡು ಬಾಳೆಹಣ್ಣು, ಒಂದು ಹೊಸ ಟವೆಲು ತೆಗೆದು ನನ್ನ ಕೈಗಿಟ್ಟಳು. ಗುರುಗಳಿಗೆ ಬರಿಗೈಲಿ ಬರಬಾರದು ಅಂದಳು.

"ನೀವು ಹೇಳ್ದೆ ಇದ್ದಿದ್ರೆ ಸಾಯೋತಂಕ ತಪ್ಪೇ ಹಾಡ್ಕಂತಾ ಇರ್ತಿದ್ದೆ ಮೇಷ್ಟ್ರೇ. ಹಬ್ಬ ಆದ್ಮೇಲೆ ಮಗ್ಗಕ್ಕೆ ಕುಂದುರ್ತೀನಿ."

ಹೀಗೆ ಹೇಳಿ ನನ್ನ ಕಾಲಿಗೆ ಬಗ್ಗಿದಳು. ನಮ್ಮ ಕಡೆ ದೊಡ್ಡವರು ಕಿರಿಯರ ಕಾಲಿಗೆ ಬಗ್ಗಿದರೆ ಕಿರಿಯರು ಅಯ್ಯೋ ಅಂತ ಹಿಂದಕ್ಕೆ ಹಾರುತ್ತಾರೆ. ಯೋಚನೆ ಮಾಡಿ ಮಾಡುವುದಲ್ಲ, ಕಾಲು ತಾನೇ ಸರಿಯುತ್ತದೆ. ನಾನು ನಿಂತೇ ಇದ್ದೆ. ಎಣಿಸಿ ಎಣಿಸಿ ಸವೆದ ಅವಳ ಬೆರಳು ನನ್ನ ಪಾದಕ್ಕೆ ತಗುಲಿತು.

"ಒಳ್ಳೇದಾಗಲಿ," ಅಂದೆ.